ಬೆಂಗಳೂರಿನ ಕೆಂಗೇರಿ ಉಪನಗರದ ಕಡೆ ಹಳೆಯ ಸ್ವಂತ ಮನೆ ಕೊಳ್ಳುವಾಗ ಏನು ನೋಡಬೇಕು?

30-40 ಅಡಿ ಸೈಟಿನ ಹಳೆ ಮನೆ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ, ಶಾಲೆಗೆ ಹೋಗುವ ಮಕ್ಕಳು. ಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನೂ ಅದೇ ಕಡೆ, ಅಂಥದ್ದೇ ಮನೆಯಲ್ಲಿದ್ದೇನೆ. ಕೊಳ್ಳಬಹುದು. ಆದರೆ ಒಳಗೆ ಹೋಗಿ ಅಡುಗೆಮನೆ, ದೇವರಮನೆ ನೋಡುವ ಮೊದಲು ಗೇಟಿನ ಮುಂದೆ ನಿಂತು ರಸ್ತೆ ನೋಡಿ.

ರಸ್ತೆ ಎತ್ತರದಲ್ಲಿದೆಯಾ, ಮನೆಯ ನೆಲ ಎತ್ತರದಲ್ಲಿದೆಯಾ? ನಮ್ಮ ಬೀದಿಗಳಲ್ಲಿ ಹಳೆ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಹಾಕುತ್ತಾ ಬಂದಿದ್ದಾರೆ. ಪ್ರತಿ ಸಲ ರಸ್ತೆ ಒಂದಿಷ್ಟು ಮೇಲೆ ಬರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ಕಟ್ಟಿದಾಗ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳಿಗೆ ಈಗ ಇಳಿದು ಹೋಗಬೇಕು. ಜೋರು ಮಳೆಗೆ ನೀರು ಮೊದಲು ನುಗ್ಗುವುದು ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ. ಅದರ ಮುಚ್ಚಳ ಪೋರ್ಟಿಕೋದಲ್ಲಿ ನೆಲಮಟ್ಟಕ್ಕೇ ಇರುತ್ತದಲ್ಲ. ಮೋರಿ ನೀರು ಸೇರಿತು ಅಂದರೆ ಪೂರ್ತಿ ಖಾಲಿ ಮಾಡಿ ತೊಳೆಸಬೇಕು. ಆದ್ದರಿಂದ ಸಂಪಿನ ಸುತ್ತ ಕಟ್ಟೆ ಎತ್ತರಿಸಿದ್ದರೆ, ಗೇಟಿನ ಬುಡದಲ್ಲಿ ಸಿಮೆಂಟಿನ ಉಬ್ಬು ಇದ್ದರೆ, ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಮಾಲೀಕರನ್ನು ಏನೂ ಕೇಳಬೇಕಾಗಿಲ್ಲ. ಗೊತ್ತಾಯಿತು ಅಲ್ವಾ?

ಎಲ್ಲ ಬೀದಿಯೂ ಹಾಗಿಲ್ಲ. ಇಲ್ಲಿ ಏರು ತಗ್ಗು ಜಾಸ್ತಿ, ಇಳಿಜಾರಿನ ಮೇಲ್ಗಡೆ ಇರುವವರು ಆರಾಮಾಗಿದ್ದಾರೆ. ಮಳೆ ನಿಂತ ಕೂಡಲೇ ಒಮ್ಮೆ ಹೋಗಿ ನೋಡಿ. ಬ್ರೋಕರ್ ಬೇಡ, ನೀವೊಬ್ಬರೇ ಹೋಗಿ.

ಇನ್ನು ವೃಷಭಾವತಿ. ಹೆಸರಿಗೆ ನದಿ, ಹರಿಯುವುದು ಊರಿನ ಕೊಳಚೆ. ಅದಕ್ಕೆ ಹತ್ತಿರದ ಬೀದಿಗಳಲ್ಲಿ ಗಾಳಿ ಇತ್ತ ಬೀಸಿದರೆ ಕಿಟಕಿ ತೆರೆಯಲು ಆಗುವುದಿಲ್ಲ. ಬೆಳಿಗ್ಗೆ ಮಾತ್ರ ಮನೆ ನೋಡಿ ಅಡ್ವಾನ್ಸ್ ಕೊಡಬೇಡಿ, ಸಂಜೆಯೂ ಹೋಗಿ.

ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಪಕ್ಕದ ಮನೆಯ ಅಮ್ಮನವರನ್ನೇ ಕೇಳಿ. 2007ರಲ್ಲಿ ಬಿಬಿಎಂಪಿಗೆ (ಬೆಂಗಳೂರಿನ ಮಹಾನಗರ ಪಾಲಿಕೆಗೆ) ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ನೀರಿನ ಯೋಜನೆಯ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದರೆ ಪೈಪ್ ಬಂದಲ್ಲೆಲ್ಲ ನೀರು ಬಂದಿದೆ ಅಂತ ತಿಳಿಯಬೇಡಿ. ತಾರಸಿಯಿಂದ ಸಂಪಿಗೆ ಮಳೆನೀರಿನ ಪೈಪ್ ಇದ್ದರೆ ಅದು ದೊಡ್ಡ ಲಾಭ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1,000 ಚದರಡಿ ತಾರಸಿಯ ಮೇಲೆ ಹೆಚ್ಚುಕಡಿಮೆ 90,000 ಲೀಟರ್ ಬೀಳುತ್ತದೆ. ಸುಮ್ನೆ ಮೋರಿಗೆ ಬಿಡುವುದು ಯಾಕೆ?

ಓಡಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರಲ್ಲಿ ಮೆಟ್ರೋ ಕೆಂಗೇರಿವರೆಗೆ ಬಂದ ಮೇಲೆ ಮೈಸೂರು ರಸ್ತೆಯ ಗೋಳು ನಮಗೆ ಅರ್ಧ ತಪ್ಪಿದೆ. ಖಾತಾ, ಇಸಿ (ಋಣಭಾರ ಪತ್ರ), ಮೂಲಪತ್ರ ವಕೀಲರು ನೋಡಲಿ.

ಅಪ್ಪ ಅಮ್ಮನಿಗಂತೂ ಇಂಥ ಬೀದಿ ಚೆನ್ನ. ಸೊಪ್ಪಿನವರು ಗೇಟಿಗೇ ಬರುತ್ತಾರೆ, ಎದುರು ಮನೆಯವರು ಎರಡು ದಿನ ಕಾಣದಿದ್ದರೆ ವಿಚಾರಿಸುತ್ತಾರೆ. (ನಿಮ್ಮ ಮನೆಗೆ ಯಾರು ಬಂದರು ಅಂತಲೂ ವಿಚಾರಿಸುತ್ತಾರೆ, ಅದಕ್ಕೆ ತಯಾರಿರಿ.)

ರಸ್ತೆಗಿಂತ ನೆಲ ಕೆಳಗಿರುವ ಮನೆಯೇ ಇಷ್ಟವಾದರೆ ಬೆಲೆ ಮಾತಾಡುವಾಗ ಅದನ್ನೇ ಹಿಡಿಯಿರಿ. ನೆಲ ತುಂಬಿಸಿ ಎತ್ತರಿಸಿದರೆ ಬಾಗಿಲು, ಕಿಟಕಿ, ಅಡುಗೆಕಟ್ಟೆ ಎಲ್ಲ ಬದಲಾಯಿಸಬೇಕು, ಸೂರು ತಲೆಗೆ ಹತ್ತಿರವಾಗುತ್ತದೆ. ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಖರ್ಚಿನ ಅಂದಾಜು ಹಾಕಿಸಿ, ಆಮೇಲೆ ಮಾತಿಗೆ ಕೂರಿ.