ಬರೆಸಿದವರ ಮನೆಗೇ ಮೊದಲ ನೋಟಿಸ್

ಓದುಗರ ಪತ್ರ: “ಅಮೆರಿಕದ ಶಾಲೆಗಳಲ್ಲಿ ನಡೆಯುವ ಗುಂಡಿನ ದಾಳಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿ ನಿದ್ದೆ ಬರಲಿಲ್ಲ. ಕಾರು ಕೊಂಡರೆ ನೋಂದಣಿ ಮಾಡಿಸಲೇಬೇಕು. ಬಂದೂಕಿಗೂ ಹಾಗೇ ಕಡ್ಡಾಯ ಮಾಡಿ, ತಪ್ಪಿದರೆ ಜೈಲು ಅಂದರೆ ಎಲ್ಲರೂ ಸಾಲಾಗಿ ಬಂದು ಬರೆಸುತ್ತಾರೆ. ಇಷ್ಟು ಸುಲಭದ ಕೆಲಸವನ್ನು ಯಾಕೆ ಮಾಡುವುದಿಲ್ಲ?”

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾರದೋ ಮಕ್ಕಳಿಗಾಗಿ ನಿದ್ದೆಗೆಡುವ ಓದುಗರು ನಮಗಿದ್ದಾರೆ ಅನ್ನುವುದೇ ದೊಡ್ಡ ಸಂಗತಿ. ಆದರೆ “ಎಲ್ಲರೂ ಸಾಲಾಗಿ ಬಂದು ಬರೆಸುತ್ತಾರೆ” ಅಂದಿರಲ್ಲ, ಅಲ್ಲಿ ನೀವು ಆತುರಪಟ್ಟಿರಿ. ಬರೆಸುವುದಿಲ್ಲ. ಮಾಡಿ ನೋಡಿದವರ ಕಥೆ ನಮ್ಮ ಮುಂದಿದೆ.

ಮೊದಲು ನಿಮ್ಮ ಪಕ್ಷದ ಮಾತು. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 14 ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. ಎಲ್ಲ ಬಂದೂಕುಗಳ ನೋಂದಣಿಯನ್ನೂ ಕಡ್ಡಾಯ ಮಾಡಿದ ಕೆನಡಾದ 1995ರ ಕಾಯ್ದೆಯ ಹಿಂದೆ ಇದ್ದದ್ದು ಆ ಸಂಕಟ. ಹೆಂಡತಿಗೆ ಹೊಡೆಯುವವನ ಮನೆಗೆ ಹೋಗುವ ಪೊಲೀಸರಿಗೆ ಅಲ್ಲಿ ಎಷ್ಟು ಬಂದೂಕು ಇವೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದೇ. ಒಪ್ಪಿದೆ.

ಈಗ ಕಾರಿನ ವಿಷಯಕ್ಕೆ ಬರೋಣ. ನೋಂದಣಿ ಇಲ್ಲದ ಕಾರನ್ನು ರಸ್ತೆಗೆ ಇಳಿಸಿದರೆ ಮೊದಲ ತಿರುವಿನಲ್ಲೇ ಸಿಕ್ಕಿಬೀಳುತ್ತೀರಿ. ನೋಂದಣಿ ಮಾಡಿಸಿದರೆ ನಿಮಗೊಂದು ಹಕ್ಕು ಸಿಗುತ್ತದೆ, ಊರೆಲ್ಲ ಓಡಿಸಬಹುದು. ಬಂದೂಕು ಹಾಗಲ್ಲ. ಅದು ಮೂವತ್ತು ವರ್ಷ ಬೀರುವಿನಲ್ಲಿ ಸುಮ್ಮನೆ ಕೂತಿರಬಲ್ಲದು. ಇದೆ ಅಂತ ಮಾಲೀಕ ಬಾಯಿಬಿಟ್ಟು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬರೆಸಿದರೆ ಅವನಿಗೆ ಹೊಸದಾಗಿ ಸಿಗುವುದು ಏನೂ ಇಲ್ಲ. ಅವನ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ನಾಳೆ ಈ ಪಟ್ಟಿಯನ್ನು ಏನು ಮಾಡುತ್ತಾರೆ?

ಆ ಭಯವನ್ನು ಹುಚ್ಚು ಅಂತ ತಳ್ಳಿಹಾಕಬೇಡಿ. ನ್ಯೂಯಾರ್ಕ್ ನಗರ 1967ರಲ್ಲಿ ರೈಫಲ್ ನೋಂದಣಿ ಕಡ್ಡಾಯ ಮಾಡಿತು. ಕಾನೂನಿಗೆ ಬೆಲೆ ಕೊಟ್ಟವರು ಹೋಗಿ ಬರೆಸಿದರು. 1991ರಲ್ಲಿ ಅದೇ ನಗರ ಕೆಲವು ಬಗೆಯ ರೈಫಲ್‌ಗಳನ್ನು ನಿಷೇಧಿಸಿತು. ನೋಟಿಸ್ ಯಾರ ಮನೆಗೆ ಹೋಯಿತು? ಬರೆಸಿದವರ ಮನೆಗೆ. ಒಪ್ಪಿಸಿ, ಇಲ್ಲವೇ ನಗರದಿಂದ ಹೊರಗೆ ಸಾಗಿಸಿ, ಇಲ್ಲವೇ ಕೆಲಸಕ್ಕೆ ಬಾರದ ಹಾಗೆ ಮಾಡಿಸಿ ಅಂತ. ಬರೆಸದೇ ಕೂತವನಿಗೆ ಯಾವ ಕಾಗದವೂ ಬರಲಿಲ್ಲ. ಅಲ್ಲಿನ ಬಂದೂಕು ಮಾಲೀಕರು ಈ ಕಥೆಯನ್ನು ಇವತ್ತಿಗೂ ಮರೆತಿಲ್ಲ.

ಇನ್ನೊಂದಿದೆ, ಅದು ಇದಕ್ಕಿಂತ ಚುಚ್ಚುವಂಥದ್ದು. 1968ರಲ್ಲಿ ಹೇನ್ಸ್ ಎಂಬಾತನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅಕ್ರಮ ಬಂದೂಕು ಇಟ್ಟುಕೊಂಡವನು ಅದನ್ನು ನೋಂದಾಯಿಸುವುದು ಅಂದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗೆ, ಆದ್ದರಿಂದ ನೋಂದಾಯಿಸಲಿಲ್ಲ ಅಂತ ಅವನನ್ನು ಶಿಕ್ಷಿಸುವಂತಿಲ್ಲ ಅಂತ. ಆಮೇಲೆ ಕಾಯ್ದೆಯನ್ನು ತಿದ್ದಿದರು, ಅದು ಬೇರೆ. ಆದರೆ ಒಳಗಿನ ತೊಡಕು ನೋಡಿ. ಬರೆಸುವ ಹೊರೆ ಬೀಳುವುದು ತಪ್ಪು ಮಾಡದವನ ಹೆಗಲ ಮೇಲೆ.

ಕೆನಡಾದ ಹಳ್ಳಿಯಲ್ಲಿ ನೆಲೆಸಿರುವ ನನ್ನ ಗೆಳೆಯರ ಪಕ್ಕದ ಮನೆಯವರು ರೈತರು. ಅವರ ಹತ್ತಿರ ಎರಡು ಕೋವಿ ಇದ್ದವು. ತಾವೇ ಕೊಂಡದ್ದನ್ನು ಗಡುವಿಗೆ ಮೊದಲೇ ಬರೆಸಿದರಂತೆ. ಇನ್ನೊಂದು ಅಜ್ಜನ ಕಾಲದ್ದು. “ಇದರ ಲೆಕ್ಕ ನಾನು ಯಾರಿಗೂ ಕೊಡಲ್ಲ” ಅಂದು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟರಂತೆ. ತೆರಿಗೆ ತಪ್ಪಿಸಿದವರಲ್ಲ, ಜಗಳಕ್ಕೆ ಹೋದವರಲ್ಲ. ನೀವು ಜೈಲಿಗೆ ಕಳಿಸಬೇಕು ಅನ್ನುತ್ತಿರುವುದು ಇಂಥವರನ್ನೇ.

ಕೆನಡಾದಲ್ಲಿ ಸುಮಾರು 70 ಲಕ್ಷ ಉದ್ದ ಬಂದೂಕುಗಳು, ಅಂದರೆ ರೈಫಲ್, ಶಾಟ್‌ಗನ್‌ನಂಥವು, ಪಟ್ಟಿ ಸೇರಿದವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಶುಲ್ಕದ ಹಣ ಕಳೆದು ಖಜಾನೆಗೆ 20 ಲಕ್ಷ ಡಾಲರ್ ಹೊರೆ ಅಷ್ಟೇ ಅಂತ ಹೇಳಿದ ಯೋಜನೆಯ ಖರ್ಚು 100 ಕೋಟಿ ಡಾಲರ್ ದಾಟುತ್ತದೆ ಅಂತ 2002ರಲ್ಲಿ ಅಲ್ಲಿನ ಮಹಾಲೆಕ್ಕಪಾಲರು ವರದಿ ಕೊಟ್ಟರು. ಬರೆಸದವರ ಮೇಲೆ ನಾವು ಕೇಸು ನಡೆಸುವುದಿಲ್ಲ ಅಂತ ಹಲವು ಪ್ರಾಂತ್ಯಗಳೇ ಹೇಳಿಬಿಟ್ಟವು. 2012ರಲ್ಲಿ ಪಟ್ಟಿಯನ್ನೇ ರದ್ದು ಮಾಡಿದರು. ಕ್ವಿಬೆಕ್ ಪ್ರಾಂತ್ಯ ಹಟ ಹಿಡಿದು ತನ್ನದೇ ಪಟ್ಟಿ ಶುರು ಮಾಡಿತು. ಶುಲ್ಕವೂ ಇರಲಿಲ್ಲ. 2019ರ ಜನವರಿಯಲ್ಲಿ ಗಡುವು ಮುಗಿದಾಗ, ಅಂದಾಜು 16 ಲಕ್ಷ ಬಂದೂಕುಗಳಲ್ಲಿ ಕಾಲು ಭಾಗವೂ ಬಂದಿರಲಿಲ್ಲ.

ನ್ಯೂಯಾರ್ಕ್ ರಾಜ್ಯದ್ದು ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ. 2013ರಲ್ಲಿ ಅಲ್ಲಿ ಕೆಲವು ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ಬಂದೂಕುಗಳ ನೋಂದಣಿ ಕಡ್ಡಾಯವಾಯಿತು. ಗಡುವು ಮುಗಿದ ಮೇಲೆ ಎಷ್ಟು ಜನ ಬರೆಸಿದರು ಅಂತ ಕೇಳಿದರೆ ಸರ್ಕಾರ ಹೇಳಲೇ ಇಲ್ಲ. ಕೋರ್ಟಿಗೆ ಹೋಗಬೇಕಾಯಿತು. 2015ರಲ್ಲಿ ಹೊರಬಂದ ಅಂಕಿ: 23,847 ಜನ, 44,485 ಬಂದೂಕು. ಅಂಥ ಬಂದೂಕುಗಳು ಆ ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ ಅನ್ನುವುದು ಆಗಿನ ಅಂದಾಜು. ಅದು ಅಂದಾಜೇ ಇರಬಹುದು. ಆದರೆ ಸರ್ಕಾರ ತನ್ನ ಕೈಯಲ್ಲಿದ್ದ ಅಂಕಿಯನ್ನು ಯಾಕೆ ಅಡಗಿಸಿತು? ಇದು ಬಂದೂಕಿಗೆ ಮಾತ್ರ ಸೇರಿದ ರೋಗ ಅಲ್ಲ. ಕಾಯ್ದೆಗೆ ಸಹಿ ಬೀಳುವ ದಿನ ಎಲ್ಲ ಕ್ಯಾಮೆರಾಗಳೂ ಇರುತ್ತವೆ. ಎಷ್ಟು ಜನ ಪಾಲಿಸಿದರು ಅಂತ ಲೆಕ್ಕ ಒಪ್ಪಿಸುವ ದಿನ ಒಬ್ಬರೂ ಇರುವುದಿಲ್ಲ. ನಾವು ಪತ್ರಿಕೆಯವರೂ ಆ ದಿನ ಹೋಗಿ ಕೇಳುವುದಿಲ್ಲ, ಅಲ್ವಾ? ಕೇಳಬೇಕಿತ್ತು.

ಹಾಗಾದರೆ ದಾರಿಯೇ ಇಲ್ಲವೇ ಅಂತ ಕೇಳುತ್ತೀರಿ. ನ್ಯೂಜಿಲೆಂಡ್ ನೋಡಿ. ಅಲ್ಲಿ ಹಳೆಯ ಪಟ್ಟಿ ತಪ್ಪುಗಳಿಂದ ತುಂಬಿಹೋಗಿತ್ತು. 1983ರ ಕಾಯ್ದೆಯಲ್ಲಿ ಉದ್ದ ಬಂದೂಕುಗಳ ಪಟ್ಟಿ ಬಿಟ್ಟು ಮಾಲೀಕರಿಗೆ ಲೈಸೆನ್ಸ್ ಕೊಡುವ ಪದ್ಧತಿಗೆ ಹೋದರು. 2019ರ ಮಾರ್ಚ್‌ನಲ್ಲಿ ಕ್ರೈಸ್ಟ್‌ಚರ್ಚ್ ನಗರದ ಮಸೀದಿಗಳಲ್ಲಿ 51 ಜನರ ಕೊಲೆಯಾಯಿತು. 2023ರ ಜೂನ್‌ನಲ್ಲಿ ಮತ್ತೆ ಪಟ್ಟಿ ಶುರುವಾಯಿತು. ಈ ಸಲ ಐದು ವರ್ಷ ಸಮಯ ಕೊಟ್ಟಿದ್ದಾರೆ. ಲೈಸೆನ್ಸ್ ಹೊಸದು ಮಾಡಿಸುವಾಗ, ಬಂದೂಕು ಕೊಳ್ಳುವಾಗ, ಮಾರುವಾಗ, ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋಗುತ್ತಾರೆ. ನನಗೆ ಆ ತಾಳ್ಮೆ ಇಷ್ಟವಾಯಿತು. ಮಾಲೀಕರು ನಂಬಿದ್ದಾರೋ ಇಲ್ಲವೋ 2028ರ ಆಗಸ್ಟ್‌ನಲ್ಲಿ ಗಡುವು ಮುಗಿದಾಗ ಗೊತ್ತಾಗುತ್ತದೆ. ಆ ಅಂಕಿ ನಿಮ್ಮ ಮಾತನ್ನು ನಿಜ ಮಾಡಿದರೆ ಇದೇ ಪುಟದಲ್ಲಿ, ನಿಮ್ಮ ಈ ಪತ್ರದ ಜೊತೆಗೇ ಅದನ್ನು ಪ್ರಕಟಿಸುತ್ತೇನೆ.