ಶುಲ್ಕ ಹೋಯಿತು, ಹುಡುಗಿ ಏಕೆ ಬರಲಿಲ್ಲ?

ಪ್ರಶ್ನೆ: ಆಫ್ರಿಕಾದ ಹಲವು ದೇಶಗಳಲ್ಲಿ ಪ್ರಾಥಮಿಕ ಶಾಲೆಗೆ ಶುಲ್ಕವಿಲ್ಲ. ಆದರೂ ಹೆಣ್ಣುಮಕ್ಕಳು ಓದು ನಿಲ್ಲಿಸುವುದೇಕೆ? ಯಾವ ಕ್ರಮ ಫಲ ಕೊಟ್ಟಿದೆ?

ಉತ್ತರ: ಶುಲ್ಕ ತೆಗೆದರೆ ಮಕ್ಕಳು ಬರುತ್ತಾರೆ, ಉಳಿಯುತ್ತಾರೆಂಬ ಖಾತ್ರಿಯಿಲ್ಲ. 1994ರಲ್ಲಿ ಮಲಾವಿ ಶುಲ್ಕ ರದ್ದು ಮಾಡಿದಾಗ ದಾಖಲಾತಿ ಸುಮಾರು 19 ಲಕ್ಷದಿಂದ 30 ಲಕ್ಷದ ಹತ್ತಿರಕ್ಕೆ ಜಿಗಿಯಿತು. ಕೊಠಡಿಗಳು, ಶಿಕ್ಷಕರು ಅದೇ ವೇಗದಲ್ಲಿ ಹೆಚ್ಚಲಿಲ್ಲ. ಮರದಡಿಯಲ್ಲಿ ಪಾಠ ನಡೆಯಿತು. ಹುಡುಗಿಯ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ: ಅವಳು ಶಾಲೆಗೆ ಹೋದರೆ ನೀರು ತರುವವರು, ಕೂಸು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಗೆ ನೇರವಾಗಿ ಉತ್ತರಿಸಿದ್ದು ಬುರ್ಕಿನಾ ಫಾಸೊದ 'ಬ್ರೈಟ್' ಯೋಜನೆ. 132 ಹಳ್ಳಿಗಳಲ್ಲಿ ಊರೊಳಗೇ ಶಾಲೆ ಕಟ್ಟಿದರು. ಜೊತೆಗೆ ಕೊಳವೆಬಾವಿ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ತಮ್ಮ ತಂಗಿಯರಿಗೆ ಶಿಶುವಿಹಾರ. ಶೇ 90ರಷ್ಟು ಹಾಜರಾತಿ ಇದ್ದ ಹುಡುಗಿಯರಿಗೆ ಮನೆಗೆ ಒಯ್ಯಲು ಧಾನ್ಯ. ದಾಖಲಾತಿ ಶೇಕಡಾ 19 ಅಂಶ ಏರಿತು; ಹುಡುಗಿಯರಲ್ಲಿ ಏರಿಕೆ ಹುಡುಗರಿಗಿಂತ ಸುಮಾರು 5 ಅಂಶ ಹೆಚ್ಚು. ಒಂದನ್ನೇ ಕೊಟ್ಟು ಉಳಿದದ್ದನ್ನು ಬಿಡುವ ಯೋಜನೆಗಳ ಬಗ್ಗೆ ನಮಗೆ ಅಷ್ಟು ಭರವಸೆಯಿಲ್ಲ.

ಶೌಚಾಲಯ ಕಟ್ಟಿದರೆ ಸಾಲದು. ಒಳಗಿನಿಂದ ಹಾಕುವ ಚಿಲಕ, ಕೈಗೆಟುಕುವ ನೀರು, ಮುಚ್ಚಳವಿರುವ ಕಸದ ಡಬ್ಬಿ ಬೇಕು. ಕೈಪಂಪಿನ ವಾಷರ್ ಸವೆದಾಗ ಬದಲಿಸಲು ಊರಲ್ಲಿ ಒಬ್ಬರಿಗೆ ತರಬೇತಿ, ಒಂದಿಷ್ಟು ಹಣ ಇರದಿದ್ದರೆ ಪಂಪು ನಿಲ್ಲುತ್ತದೆ, ಹುಡುಗಿ ಮತ್ತೆ ಕೊಡ ಹೊರುತ್ತಾಳೆ. ಶಾಲೆಯಲ್ಲಿ ಉಚಿತ ಸ್ಯಾನಿಟರಿ ಪ್ಯಾಡ್ ಕೊಡಬೇಕೆಂದು ಕೀನ್ಯಾ 2017ರಲ್ಲೇ ಕಾನೂನು ಮಾಡಿದೆ. ಅಂಥ ಕಡೆಯೂ ಪೂರೈಕೆ ತಿಂಗಳು ತಪ್ಪಿದರೆ ಹಾಜರಿ ತಪ್ಪಬಹುದು; ಆದ್ದರಿಂದ ಒಂದು ಶೈಕ್ಷಣಿಕ ಅವಧಿಗಾಗುವಷ್ಟನ್ನು ಮೊದಲೇ ಶಾಲೆಗೆ ತಲುಪಿಸಬೇಕು.

ಪ್ರಶ್ನೆ: ಗರ್ಭಿಣಿಯಾದ ವಿದ್ಯಾರ್ಥಿನಿಯನ್ನು ಶಾಲೆಯಿಂದ ಹೊರಗಿಡುತ್ತಾರೆಯೇ?

ಉತ್ತರ: ಈ ಅನ್ಯಾಯ ಕೆಲವೆಡೆ ನಿಯಮವೇ ಆಗಿತ್ತು. ಸಿಯೆರಾ ಲಿಯೋನ್‌ನ ನಿಷೇಧದ ವಿರುದ್ಧ ಪಶ್ಚಿಮ ಆಫ್ರಿಕಾದ ಪ್ರಾದೇಶಿಕ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. 2020ರ ಮಾರ್ಚ್‌ನಲ್ಲಿ ಸರ್ಕಾರ ಆ ನಿಷೇಧವನ್ನು ಕೈಬಿಟ್ಟಿತು. ಟಾಂಜಾನಿಯಾ 2021ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಜಾಂಬಿಯಾದಲ್ಲಿ ಮರಳಿ ಸೇರಿಸುವ ನೀತಿ 1997ರಿಂದಲೇ ಇದೆ. ಆದರೆ ಆದೇಶ ಲಿಖಿತವಾಗಿ ಮುಖ್ಯೋಪಾಧ್ಯಾಯರ ಕೈಸೇರಬೇಕು, ಅದೇ ತರಗತಿಯಲ್ಲಿ ಮುಂದುವರಿಯಲು ಅವಕಾಶ ಬೇಕು, ಮಗುವಿಗೆ ಹಾಲೂಡಿಸಲು ಬಿಡುವು ಬೇಕು. ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆಂದು ಮನೆಯವರೊಡನೆ ಕೂತು ಮೊದಲೇ ತೀರ್ಮಾನಿಸದಿದ್ದರೆ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ.