ಪೂರ್ತಿ ಚಾರ್ಜ್ ಆದರೂ ಕಿಲೋಮೀಟರ್ ಏಕೆ ಕಡಿಮೆ?

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಕಾರು ಹೊಸದಿದ್ದಾಗ, ಪೂರ್ತಿ ಚಾರ್ಜ್ ಆದ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ 320 ಕಿ.ಮೀ. ಎಂದು ತೋರಿಸುತ್ತಿತ್ತು. ವರ್ಷ ತುಂಬುವ ಮೊದಲೇ ಅದು 270ಕ್ಕೆ ಇಳಿದಿದೆ. ಬ್ಯಾಟರಿಯ ಸಾಮರ್ಥ್ಯ ಇಷ್ಟು ಬೇಗ ಕುಗ್ಗುತ್ತದೆಯೇ?

ಉತ್ತರ: ನೀವು ಕೊಟ್ಟಿರುವ ಎರಡು ಅಂಕಿಗಳಿಂದ ಬ್ಯಾಟರಿ ಕುಗ್ಗಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಪರದೆಯಲ್ಲಿ ಕಾಣುವ ಕಿಲೋಮೀಟರ್ ಅಳೆದು ಪಡೆದದ್ದಲ್ಲ, ಲೆಕ್ಕ ಹಾಕಿ ತೆಗೆದದ್ದು. ಬ್ಯಾಟರಿಯಲ್ಲಿ ಉಳಿದಿರುವ ಶಕ್ತಿಯನ್ನು, ಕಾರು ಈಚಿನ ಓಡಾಟದಲ್ಲಿ ಕಿಲೋಮೀಟರ್‌ಗೆ ಸರಾಸರಿ ಎಷ್ಟು ಶಕ್ತಿ ಬಳಸಿತೋ ಅದರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ನಿಮ್ಮ ಕಾರಿನಲ್ಲಿ ಬಳಕೆಗೆ ಸಿಗುವ ಶಕ್ತಿ 45 ಕಿಲೋವ್ಯಾಟ್-ಅವರ್, ಅಂದರೆ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ 45 ಯೂನಿಟ್ ಎಂದುಕೊಳ್ಳೋಣ. ಕಿಲೋಮೀಟರ್‌ಗೆ 140 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್) ಖರ್ಚಾದರೆ 321 ಕಿ.ಮೀ. ಬರುತ್ತದೆ, ಖರ್ಚು 165ಕ್ಕೆ ಏರಿದರೆ 273. ಬ್ಯಾಟರಿ ಒಂದಿಷ್ಟೂ ಸವೆಯದೆಯೇ ನಿಮಗೆ ಕಂಡಷ್ಟು ವ್ಯತ್ಯಾಸ ಕಾಣಿಸಿಕೊಳ್ಳಲು ಇಷ್ಟು ಸಾಕು.

ಆ 25 ವ್ಯಾಟ್-ಅವರ್ ಎಲ್ಲಿಂದ ಬಂತು ಎಂಬುದನ್ನು ನಿಮ್ಮ ಓಡಾಟದಲ್ಲೇ ಹುಡುಕಬೇಕು. ಮೊದಲ ಅನುಮಾನ ವೇಗದ ಮೇಲೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಗಂಟೆಗೆ 80 ಕಿ.ಮೀ.ಯಲ್ಲಿ ಹೋಗುತ್ತಿದ್ದವರು 110ಕ್ಕೆ ಏರಿದಾಗ ಆ ತಡೆ ಸುಮಾರು 1.9 ಪಟ್ಟಾಗುತ್ತದೆ. ಟೈರಿನ ಉರುಳು ತಡೆ ಅಷ್ಟು ಹೆಚ್ಚುವುದಿಲ್ಲವಾದ್ದರಿಂದ ಒಟ್ಟು ಖರ್ಚು ಇಮ್ಮಡಿಯಾಗುವುದಿಲ್ಲ, ಆದರೂ ಏರಿಕೆ ಎದ್ದು ಕಾಣುವಷ್ಟು ಇರುತ್ತದೆ. ಎರಡನೆಯದು ಎ.ಸಿ. ಅಥವಾ ಹೀಟರ್. ಇವು ಶಕ್ತಿ ಬಳಸುವುದು ಗಂಟೆಯ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಗಂಟೆಗೆ ಒಂದೂವರೆ ಯೂನಿಟ್ ಬೇಡುವ ಎ.ಸಿ., 75 ಕಿ.ಮೀ. ವೇಗದಲ್ಲಿ ಸಾಗುವಾಗ ಕಿಲೋಮೀಟರ್‌ಗೆ 20 ವ್ಯಾಟ್-ಅವರ್ ಮಾತ್ರ ಸೇರಿಸಿದರೆ, ವಾಹನದಟ್ಟಣೆಯಲ್ಲಿ 20 ಕಿ.ಮೀ. ವೇಗದಲ್ಲಿ ತೆವಳುವಾಗ 75 ಸೇರಿಸುತ್ತದೆ. ಚಳಿಗಾಲದಲ್ಲಿ ಇದರ ಜತೆಗೆ ಬ್ಯಾಟರಿಯ ಒಳರೋಧವೂ, ಅಂದರೆ ವಿದ್ಯುತ್ ಹರಿವಿಗೆ ಬ್ಯಾಟರಿಯೊಳಗೇ ಎದುರಾಗುವ ತಡೆಯೂ, ಹೆಚ್ಚುವುದರಿಂದ ನಷ್ಟ ಇನ್ನಷ್ಟು. ಟೈರಿನಲ್ಲಿ ಗಾಳಿ ಕಡಿಮೆಯಿದೆಯೇ ಎಂದೂ ನೋಡಿಕೊಳ್ಳಿ.

ಮನೆ ಗುಡ್ಡದ ಮೇಲಿರುವವರಿಗೆ ಇನ್ನೊಂದು ತಮಾಷೆ ಎದುರಾಗುವುದುಂಟು. ದಿನದ ಕೊನೆಯ ಓಟ ಏರುದಾರಿಯೇ ಆಗಿರುವುದರಿಂದ ಕಾರು ಆ ದುಬಾರಿ ಸರಾಸರಿಯನ್ನೇ ನೆನಪಿಟ್ಟುಕೊಂಡು ಬೆಳಿಗ್ಗೆ ಕಡಿಮೆ ಸಂಖ್ಯೆ ತೋರಿಸುತ್ತದೆ. ಇಳಿಜಾರಿನಲ್ಲಿ ಹೊರಟರೆ ಓಡಿದಂತೆಲ್ಲ ಕಿಲೋಮೀಟರ್ ಹೆಚ್ಚುತ್ತಾ ಹೋಗುತ್ತದೆ.

ಬ್ಯಾಟರಿ ಸವೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಲಿಥಿಯಂ ಬ್ಯಾಟರಿಗಳಲ್ಲಿ ಆರಂಭದ ಕಾಲದಲ್ಲಿ ಸಾಮರ್ಥ್ಯ ತುಸು ಬೇಗ ಇಳಿದು ಆಮೇಲೆ ಇಳಿಕೆಯ ವೇಗ ತಗ್ಗುವುದು ಸಾಮಾನ್ಯ. ಹಲವು ತಯಾರಕರು 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ ಶೇ. 70ರಷ್ಟು ಸಾಮರ್ಥ್ಯಕ್ಕೆ ಖಾತರಿ ಕೊಡುತ್ತಾರೆ. ಆದರೆ ಸವೆತವನ್ನು ಈ ಕಿಲೋಮೀಟರ್ ಸಂಖ್ಯೆಯಿಂದ ಅಳೆಯಬಾರದು. ಪರದೆಯಲ್ಲಿ ಕಿಲೋಮೀಟರ್ ಬದಲು ಶೇಕಡಾವಾರು ಚಾರ್ಜ್ ಕಾಣುವಂತೆ ಇಟ್ಟುಕೊಂಡು, ಸರಾಸರಿ ಬಳಕೆಯ ಅಂಕಿಯನ್ನು ಪಕ್ಕದಲ್ಲಿ ನೋಡುವ ಅಭ್ಯಾಸ ಮಾಡಿಕೊಂಡರೆ ನಿಮ್ಮ ಆತಂಕದ ಬಹುಪಾಲು ಕಳೆಯುತ್ತದೆ.

ಪ್ರಶ್ನೆ: ನನ್ನ ಕಾರಿನ ಬ್ಯಾಟರಿ 48 ಯೂನಿಟ್‌ನದೆಂದು ಕೈಪಿಡಿಯಲ್ಲಿದೆ. ಶೇ. 10ರಿಂದ 100ರವರೆಗೆ ಮನೆಯಲ್ಲಿ ಚಾರ್ಜ್ ಮಾಡಿದಾಗ ಮೀಟರ್ 46 ಯೂನಿಟ್ ತೋರಿಸಿತು. ಈ ಲೆಕ್ಕದಲ್ಲಿ ಪೂರ್ತಿ ಬ್ಯಾಟರಿ 51 ಯೂನಿಟ್ ಆಗಬೇಕಲ್ಲ? ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿ, ಆದರೆ ಅವು ಬೇರೆ ಬೇರೆ ಜಾಗದ ಅಳತೆಗಳು. ಮೀಟರ್ ಅಳೆಯುವುದು ಗೋಡೆಯಿಂದ ಹೊರಟ ವಿದ್ಯುತ್ತನ್ನು. ಅದನ್ನು ಕಾರಿನೊಳಗಿನ ಚಾರ್ಜರ್ ಪರ್ಯಾಯ ವಿದ್ಯುತ್ತಿನಿಂದ ಬ್ಯಾಟರಿಗೆ ಬೇಕಾದ ನೇರ ವಿದ್ಯುತ್ತಿಗೆ (ಡಿ.ಸಿ.) ಪರಿವರ್ತಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ, ಬ್ಯಾಟರಿಯೂ ಬಿಸಿಯಾಗುತ್ತದೆ, ಅಷ್ಟು ಹೊತ್ತೂ ಎಚ್ಚರವಾಗಿರುವ ಕಾರಿನ ಕಂಪ್ಯೂಟರುಗಳೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಮನೆಯ ಚಾರ್ಜಿಂಗ್‌ನಲ್ಲಿ ಶೇ. 10ರಿಂದ 15ರಷ್ಟು ಹೀಗೆ ಸೋರುವುದು ಅಸಹಜವಲ್ಲ. ಶೇ. 12 ಸೋರಿತೆಂದರೆ, 46ರಲ್ಲಿ ಬ್ಯಾಟರಿ ಸೇರಿದ್ದು ಸುಮಾರು 40.5 ಯೂನಿಟ್, ಅದು ಶೇ. 90ರ ಪಾಲಾದ್ದರಿಂದ ಪೂರ್ತಿ 45 ಆಗುತ್ತದೆ.

ಹಾಗಾದರೆ 48ರಲ್ಲಿ ಉಳಿದ ಮೂರು ಯೂನಿಟ್ ಎಲ್ಲಿ ಹೋಯಿತೆಂದು ಕೇಳುತ್ತೀರಿ. ಕೋಶಗಳನ್ನು ತುದಿಯವರೆಗೆ ತುಂಬಿಸುವುದೂ ತಳದವರೆಗೆ ಬರಿದು ಮಾಡುವುದೂ ಅವುಗಳ ಆಯುಷ್ಯಕ್ಕೆ ಒಳ್ಳೆಯದಲ್ಲವಾದ್ದರಿಂದ, ತಯಾರಕರು ಮೇಲೆ ಮತ್ತು ಕೆಳಗೆ ಸ್ವಲ್ಪ ಪಾಲನ್ನು ಚಾಲಕನ ಕೈಗೆ ಸಿಗದಂತೆ ಕಾಯ್ದಿರಿಸಿರುತ್ತಾರೆ. ಹೀಗಾಗಿ ಬ್ಯಾಟರಿಗೆ ಒಟ್ಟು ಸಾಮರ್ಥ್ಯ ಒಂದು, ಬಳಕೆಗೆ ಸಿಗುವ ಸಾಮರ್ಥ್ಯ ಇನ್ನೊಂದು. ಜಾಹೀರಾತಿನಲ್ಲಿ ಇವೆರಡರಲ್ಲಿ ಯಾವುದನ್ನು ಹೇಳಿದ್ದಾರೆ ಎಂಬುದನ್ನು ಕೊಳ್ಳುವ ಮೊದಲೇ ಕೇಳುವುದು ವಾಸಿ.

ನೀವೇ ಅಳೆಯಬೇಕೆಂದಿದ್ದರೆ ಚಾರ್ಜ್ ಮಾಡುವಾಗ ಅಳೆಯುವುದಕ್ಕಿಂತ ಓಡಿಸುವಾಗ ಅಳೆಯುವುದು ಮೇಲು. ಶೇ. 90ರಲ್ಲಿ ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಒಂದೇ ಪ್ರಯಾಣದಲ್ಲಿ ಶೇ. 20ರವರೆಗೆ ಓಡಿಸಿ, ಖರ್ಚಾದ ಯೂನಿಟ್ ಬರೆದುಕೊಳ್ಳಿ. ಅದು 31 ಎಂದಾದರೆ, 0.7ರಿಂದ ಭಾಗಿಸಿದಾಗ 44.3 ಬರುತ್ತದೆ. ಶೇ. 10ರಷ್ಟು ಮಾತ್ರ ಬಳಸಿ ಈ ಲೆಕ್ಕ ಹಾಕಲು ಹೋಗಬೇಡಿ. ಪರದೆ ದಶಮಾಂಶ ತೋರಿಸದೆ ಪೂರ್ಣಾಂಕ ತೋರಿಸುವುದರಿಂದ, ಅಲ್ಲಿ ಒಂದು ಅಂಕಿ ಆಚೀಚೆಯಾದರೂ ಉತ್ತರ ಶೇ. 10ರಷ್ಟು ತಪ್ಪುತ್ತದೆ. ಕಾರು ನಿಂತಿದ್ದಾಗಿನ ಬಳಕೆಯನ್ನು ಕೆಲವು ಟ್ರಿಪ್ ಮೀಟರುಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದಕ್ಕಾಗಿಯೇ ಒಂದೇ ಪ್ರಯಾಣ ಎಂದದ್ದು.

ನಿಮ್ಮದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾಗಿದ್ದರೆ ಒಂದು ಎಚ್ಚರ ಬೇಕು. ಇದರ ವೋಲ್ಟೇಜ್ ಚಾರ್ಜಿನ ನಡುಭಾಗದಲ್ಲಿ ಬಹುತೇಕ ಬದಲಾಗದೇ ಇರುವುದರಿಂದ, ಎಷ್ಟು ಉಳಿದಿದೆ ಎಂಬುದನ್ನು ಕಾರು ವೋಲ್ಟೇಜ್ ನೋಡಿ ಹೇಳಲಾರದೆ, ಒಳಹೋದ ಮತ್ತು ಹೊರಬಂದ ವಿದ್ಯುತ್ತನ್ನು ಕೂಡಿ ಕಳೆದು ಅಂದಾಜಿಸುತ್ತದೆ. ಸಣ್ಣ ತಪ್ಪುಗಳು ದಿನೇದಿನೇ ಸೇರಿ ಶೇಕಡಾ ಅಂಕಿಯೇ ದಾರಿ ತಪ್ಪುತ್ತದೆ. ಆಗಾಗ ಶೇ. 100ರವರೆಗೆ ಚಾರ್ಜ್ ಮಾಡಿರೆಂದು ಇಂಥ ಕಾರುಗಳ ಕೈಪಿಡಿಯಲ್ಲಿ ಹೇಳಿರುವುದಕ್ಕೆ ಇದೇ ಕಾರಣ. ಅಳತೆಗೆ ಮೊದಲು ಹಾಗೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿ.

ಪ್ರಶ್ನೆ: ಒಂದೇ ಕಾರಿಗೆ ಯುರೋಪಿನಲ್ಲಿ ಒಂದು ರೇಂಜ್ (ಪೂರ್ತಿ ಚಾರ್ಜಿನಲ್ಲಿ ಓಡುವ ದೂರ), ಅಮೆರಿಕದಲ್ಲಿ ಅದಕ್ಕಿಂತ ಕಡಿಮೆ ರೇಂಜ್ ಹೇಳುತ್ತಾರೆ. ಯಾರದು ಸುಳ್ಳು?

ಉತ್ತರ: ಯಾರದೂ ಅಲ್ಲ. ಪರೀಕ್ಷೆಗಳು ಬೇರೆ. ಯುರೋಪಿನಲ್ಲಿ 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಕಾರನ್ನು ಪ್ರಯೋಗಾಲಯದ ಉರುಳೆಗಳ ಮೇಲೆ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎ.ಸಿ. ಹಾಕದೆ ಓಡಿಸುತ್ತಾರೆ. ಅರ್ಧ ಗಂಟೆಯ, ಸುಮಾರು 23 ಕಿ.ಮೀ. ಉದ್ದದ ಆ ಓಟದ ಸರಾಸರಿ ವೇಗ ಗಂಟೆಗೆ 46.5 ಕಿ.ಮೀ. ಅಮೆರಿಕದಲ್ಲಿಯೂ ಪ್ರಯೋಗಾಲಯದಲ್ಲೇ ಓಡಿಸುತ್ತಾರೆ, ಆದರೆ ಬಂದ ಫಲಿತಾಂಶವನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ ಪ್ರಕಟಿಸುತ್ತಾರೆ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರು ಅಮೆರಿಕದ ಅಂಕಿಯನ್ನು ನೆಚ್ಚುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಪರದೆಯಲ್ಲಿ 0 ಕಿ.ಮೀ. ಬಂದ ಮೇಲೂ ಸ್ವಲ್ಪ ದೂರ ಹೋಗಬಹುದಂತೆ, ನಿಜವೇ?

ಉತ್ತರ: ಕೆಲವು ಕಾರುಗಳು ಹೋಗುತ್ತವೆ, ಎಷ್ಟು ದೂರವೆಂಬುದು ಒಂದೊಂದು ಕಾರಿಗೂ ಒಂದೊಂದು ಚಳಿಗೂ ಬದಲಾಗುತ್ತದೆ. ಸೊನ್ನೆ ಸಮೀಪಿಸುವಾಗ ಮೋಟಾರಿನ ಬಲವನ್ನು ಕಾರು ತಾನಾಗಿ ತಗ್ಗಿಸುವುದರಿಂದ ಏರಿನಲ್ಲೋ ವೇಗದ ರಸ್ತೆಯಲ್ಲೋ ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಶೇ. 10 ಉಳಿದಿರುವಂತೆ ಚಾರ್ಜಿಂಗ್ ಕೇಂದ್ರ ತಲುಪುವ ಲೆಕ್ಕದಲ್ಲಿ ಹೊರಡಿ.